ಅಪ್ಪ ಅಮ್ಮನನ್ನು ಟೆಕ್ಸ್-ಮೆಕ್ಸ್ ಹೋಟೆಲಿಗೆ ಕರೆದುಕೊಂಡು ಹೋಗಬಹುದಾ? (ಮಾಂಸ ಇಲ್ಲ, ಮೊಟ್ಟೆನೂ ಇಲ್ಲ)

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ನಾವಿರುವುದು ಆಸ್ಟಿನ್‌ನ ಉತ್ತರಕ್ಕೆ, ರೌಂಡ್ ರಾಕ್‌ನಲ್ಲಿ. ಅಪ್ಪ ಅಮ್ಮ ತಿಪಟೂರಿನಿಂದ ಬಂದು ಮೂರು ವಾರ ಆಯಿತು. ನಿದ್ದೆ ಸರಿಹೋಯಿತು, ದೇವಸ್ಥಾನ ಆಯಿತು, ಕಾಸ್ಟ್‌ಕೋ ಎರಡು ಸಲ ಆಯಿತು. ಈಗ ಅಪ್ಪ ದಿನಾ ಸಂಜೆ ವಾಕಿಂಗ್ ಹೋದಾಗ ನಮ್ಮ ಬೀದಿ ತುದಿಯ ಟೆಕ್ಸ್-ಮೆಕ್ಸ್ (ಟೆಕ್ಸಸ್ಸಿನ ಮೆಕ್ಸಿಕನ್ ಬಗೆಯ ಊಟ) ಹೋಟೆಲಿನ ಮುಂದೆ ನಿಂತು ಒಳಗೆ ಇಣುಕುತ್ತಾರೆ. "ಜೀರಿಗೆ ವಾಸನೆ ಕಣೋ, ಇವರೂ ನಮ್ಮ ಕಡೆಯವರೇ ಇರಬೇಕು" ಅಂತಾರೆ.

ಹೋಟೆಲು ತುಂಬಾ ಸಾದಾ. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಟೈರ್ ಅಂಗಡಿ. ಹದಿನಾಲ್ಕು ಮೇಜು, ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ, ಮೂಲೆಯಲ್ಲಿ ಫುಟ್‌ಬಾಲ್ ಓಡುವ ಟಿವಿ. ಗಲ್ಲಾದಲ್ಲಿ ಒಬ್ಬರು ಅಜ್ಜಿ. ನನ್ನ ಮಗಳನ್ನು ಕಂಡರೆ ಬಾಗಿ ಕೆನ್ನೆ ಹಿಂಡುತ್ತಾರೆ. ನಾನು ವಾರಕ್ಕೊಮ್ಮೆ ಹೋಗುತ್ತೇನೆ, ಆದರೆ ನಾನು ಕೋಳಿ ತಿನ್ನುವವನು. (ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ.) ಅಮ್ಮನಿಗೆ ಏನು ಹೇಳಬೇಕು ಅಂತ ಗೊತ್ತಿಲ್ಲ. ಅನ್ನ, ಹುರುಳಿಯಂಥ ಕಾಳು, ರೊಟ್ಟಿ, ಚಟ್ನಿ. ನೋಡಿದರೆ ಎಲ್ಲ ನಮ್ಮದೇ ಊಟದ ಹಾಗಿದೆ. ಹೋಗಬಹುದಾ?

ಡಲ್ಲಾಸ್ ಗುರು

ಇದರಲ್ಲಿ ಕೇಳುವುದೇನಿದೆ ಗುರು? ಬೀನ್ಸ್, ರೈಸ್, ಚೀಸ್ ಎಂಚಿಲಾಡ (ಚೀಸ್ ಸುತ್ತಿ ಮೇಲೆ ಗ್ರೇವಿ ಸುರಿದ ರೊಟ್ಟಿ) ಹೇಳು. ಮುಗೀತು. ನಮ್ಮ ಅತ್ತೆ ಮಾವ ಎಲ್ಲ ಅದನ್ನೇ ತಿಂದು ಚಪ್ಪರಿಸಿ ಹೋಗಿದ್ದಾರೆ.

ಕುಂದಾಪ್ರ ಕಾಯಿ

ಮಾರಾಯ್ರೇ, ನಿಲ್ಲಿ ನಿಲ್ಲಿ! ನೀವು ಹೇಳಿದ ಮೂರರಲ್ಲಿ ಎರಡರಲ್ಲಿ ಮಾಂಸದ ಅಂಶ ಇರುವ ಸಾಧ್ಯತೆ ಜಾಸ್ತಿ.

ನನ್ನ ಕಥೆ ಕೇಳಿ. ಹ್ಯೂಸ್ಟನ್‌ಗೆ ಬಂದ ಹೊಸತು. ಆಫೀಸಿನ ಕೆಳಗೇ ಒಂದು ಹೋಟೆಲು, ಹೆಸರು ಬೇಡ. ಆರು ವರ್ಷ, ವಾರಕ್ಕೆ ಎರಡು ದಿನ, ಬೀನ್ಸ್ ಬುರಿಟೋ, ಅಂದರೆ ರೊಟ್ಟಿಯಲ್ಲಿ ಬೀನ್ಸ್ ಸುತ್ತಿದ್ದು. ಎಂಥ ರುಚಿ ಅಂತೀರಿ. ಮನೆಯಲ್ಲಿ ಎಷ್ಟು ಸಲ ಮಾಡಿದರೂ ಆ ರುಚಿ ಬರಲೇ ಇಲ್ಲ. ಕೊನೆಗೆ ಒಂದು ದಿನ ಅಡುಗೆಯವನನ್ನೇ ಕೇಳಿದೆ, "ಏನು ಹಾಕ್ತೀರಿ?" ಅವನು ಹೆಮ್ಮೆಯಿಂದ ಎದೆ ತಟ್ಟಿಕೊಂಡು "ಮಾಂತೇಕಾ!" ಅಂದ. ನಾನು ಅದೇನೋ ಮಸಾಲೆ ಅಂದುಕೊಂಡು ಅಂಗಡಿಗೆ ಹೋಗಿ ಹುಡುಕಿದೆ. ಡಬ್ಬಿ ಮೇಲೆ ಹಂದಿಯ ಚಿತ್ರ ಇತ್ತು.

ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಅವಳು ಇಲ್ಲಿ ಓದುವುದಿಲ್ಲ ಅಂತ ನಂಬಿದ್ದೇನೆ.

ತಿಪಟೂರು ತೆಂಗು

ಅಯ್ಯೋ ದೇವರೇ. ಕೇಳಿದ್ದು ಒಳ್ಳೆಯದಾಯಿತು.

ಅಲಾಮೋ ಅಕ್ಕ

ನಾನು ಸ್ಯಾನ್ ಆಂಟೋನಿಯೋದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ, ಹುಟ್ಟಿನಿಂದ ಮಾಂಸ ಮೊಟ್ಟೆ ಮುಟ್ಟಿಲ್ಲ. ಈ ಊಟ ವಾರಕ್ಕೊಮ್ಮೆ ಆಗಲೇಬೇಕು ನನಗೆ. ಹೆದರಬೇಡಿ ತಮ್ಮಾ, ಕರೆದುಕೊಂಡು ಹೋಗಿ. ಆದರೆ ಎಲ್ಲೆಲ್ಲಿ ಕೇಳಬೇಕು ಅಂತ ಗೊತ್ತಿರಬೇಕು.

ಮೊದಲು ಬೀನ್ಸ್. ಅದು ಹುರುಳಿ ಅಲ್ಲ, ಪಿಂಟೋ ಅನ್ನುವ ಚುಕ್ಕೆ ಚುಕ್ಕೆ ಕಾಳು. ಬೇಯಿಸಿ, ಮಸೆದು, ಕೊಬ್ಬಿನಲ್ಲಿ ಹುರಿಯುತ್ತಾರೆ. ಆ ಕೊಬ್ಬು ಹಳೆಯ ಪದ್ಧತಿಯಲ್ಲಿ ಹಂದಿಯದು. ಈಗ ಎಷ್ಟೋ ಕಡೆ ಎಣ್ಣೆ ಹಾಕುತ್ತಾರೆ, ಆದರೂ ಕೇಳಲೇಬೇಕು. ಚಾರ್ರೋ ಬೀನ್ಸ್ ಅಂತ ನೀರು ನೀರಾಗಿ ಬಟ್ಟಲಲ್ಲಿ ಕೊಡುವುದಿದೆಯಲ್ಲ, ಅದರಲ್ಲಿ ಬೇಕನ್ (ಹಂದಿ ಮಾಂಸ) ಬೀಳುತ್ತದೆ. ಅದನ್ನು ಕೇಳುವುದೇ ಬೇಡ, ಬಿಟ್ಟುಬಿಡಿ.

ಅನ್ನ ನೋಡಲು ನಮ್ಮ ಟೊಮೇಟೊ ಬಾತೇ. ಮೋಸ ಹೋಗುವುದು ಅಲ್ಲೇ. ಬಹಳ ಕಡೆ ನೀರಿಗೆ ಕೋಳಿ ಸಾರಿನ ಪುಡಿ ಹಾಕಿ ಬೇಯಿಸುತ್ತಾರೆ. ಎಂಚಿಲಾಡದ ಒಳಗಿರುವುದು ಬರೀ ಚೀಸ್ ಆದರೂ ಮೇಲೆ ಸುರಿಯುವ ಕಂದು ಗ್ರೇವಿ ಟೆಕ್ಸಸ್ ಶೈಲಿಯದಾದರೆ ಅದರಲ್ಲಿ ದನದ ಮಾಂಸ ಇರಬಹುದು. ಹಸಿರು ಸಾಲ್ಸಾ (ಇಲ್ಲಿಯ ಚಟ್ನಿ) ಹಾಕಿಸಿ, ಅದಕ್ಕೂ ಕೋಳಿ ಸಾರು ಹಾಕಿದ್ದಾರಾ ಅಂತ ಒಂದು ಮಾತು ಕೇಳಿ.

ರೊಟ್ಟಿಯಲ್ಲಿ ಎರಡು ಜಾತಿ. ಮೈದಾದ್ದು ಮೆತ್ತಗಿರುತ್ತದೆ, ಅದಕ್ಕೂ ಕೊಬ್ಬು ಹಾಕಿ ಕಲಸುವವರಿದ್ದಾರೆ. ಜೋಳದ್ದರಲ್ಲಿ ಮುಸುಕಿನ ಜೋಳ, ಸುಣ್ಣ, ನೀರು ಅಷ್ಟೇ. ಅಮ್ಮನಿಗೆ ಜೋಳದ್ದೇ ಹೇಳಿ. ಚಿಲೆ ರೆಯೆನೋ ಅಂತ ದಪ್ಪ ಮೆಣಸಿನಕಾಯಿಗೆ ಚೀಸ್ ತುಂಬಿ ಕರಿಯುತ್ತಾರೆ. ನಮ್ಮ ಬಜ್ಜಿಯ ಅಣ್ಣ ಅನ್ನಿ. ಆದರೆ ಹಿಟ್ಟಿಗೆ ಬದಲು ಮೊಟ್ಟೆ ನೊರೆ. ಚೀಸ್ ವಿಷಯದಲ್ಲಿ ತೀರಾ ಕಟ್ಟುನಿಟ್ಟಾದವರು ರೆನೆಟ್ (ಹಾಲು ಒಡೆಸಲು ಹಾಕುವುದು, ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದು) ಬಗ್ಗೆ ಯೋಚಿಸುತ್ತಾರೆ, ಅದು ನಿಮ್ಮ ಮನೆಗೆ ಬಿಟ್ಟದ್ದು.

ಇನ್ನು ಮುಖ್ಯ ಮಾತು. "ಸಿನ್ ಕಾರ್ನೆ" ಅಂದರೆ ಸ್ಪ್ಯಾನಿಷ್‌ನಲ್ಲಿ ಮಾಂಸ ಬೇಡ ಅಂತ. ಆದರೆ ಕಾರ್ನೆ ಅಂದರೆ ಎಷ್ಟೋ ಜನರ ಬಾಯಲ್ಲಿ ದನದ್ದು ಮಾತ್ರ. ನೀವು ಸಿನ್ ಕಾರ್ನೆ ಅಂದರೆ ಪಾಪ, ಪ್ರೀತಿಯಿಂದ ಕೋಳಿ ಹಾಕಿ ಕೊಡುತ್ತಾರೆ. ಪೂರ್ತಿ ಹೇಳಿ: "ಸಿನ್ ಕಾರ್ನೆ, ಸಿನ್ ಪೋಯೋ, ಸಿನ್ ಮಾಂತೇಕಾ, ಸಿನ್ ಕಾಲ್ದೋ ದೆ ಪೋಯೋ." ಮಾಂಸ, ಕೋಳಿ, ಕೊಬ್ಬು, ಕೋಳಿ ಸಾರು ನಾಲ್ಕೂ ಬೇಡ ಅಂತ. ಮೊಟ್ಟೆಗೆ "ಸಿನ್ ವೇವೋ". ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಜನ ಇಲ್ಲದ ಹೊತ್ತಲ್ಲಿ, ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ, ನೀವೊಬ್ಬರೇ ಮೊದಲು ಹೋಗಿ ಅಜ್ಜಿಯನ್ನು ಕೇಳಿ ಬನ್ನಿ. ಶುಕ್ರವಾರ ರಾತ್ರಿ ಎಂಟಕ್ಕೆ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಡಲ್ಲಾಸ್ ಗುರು

ಅಕ್ಕಾ, ನಮ್ಮ ಅತ್ತೆ ಮಾವ ತಿಂದದ್ದು...

ಕುಂದಾಪ್ರ ಕಾಯಿ

ಸುಮ್ನಿರಿ ಗುರುಗಳೇ. ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರಿ.

ಕಾಡು ಕಾಫಿ

ನಾನು ಮೆಕ್ಸಿಕೋ ಸಿಟಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವನು. ಬೇಜಾರು ಮಾಡಿಕೊಳ್ಳಬೇಡಿ, ಇದು ಮೆಕ್ಸಿಕನ್ ಊಟವೇ ಅಲ್ಲ. ಅಲ್ಲಿ ಯಾರೂ ಹೀಗೆ ಹಳದಿ ಚೀಸ್ ಸುರಿಯುವುದಿಲ್ಲ, ಇಷ್ಟೊಂದು ಜೀರಿಗೆ ಹಾಕುವುದಿಲ್ಲ. ಟೆಕ್ಸ್-ಮೆಕ್ಸ್ ಅಂದರೆ ಅಮೆರಿಕದವರಿಗೆ ಅಂತ ಮಾಡಿದ ನಕಲು, ನಮ್ಮ ಗೋಬಿ ಮಂಚೂರಿ ಚೀನಾದ್ದು ಅಂದ ಹಾಗೆ. ತಂದೆ ತಾಯಿಗೆ ತೋರಿಸುವುದಾದರೆ ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಅಡುಗೆ ಮಾಡುವ ಒಳ್ಳೆಯ ಜಾಗಕ್ಕೆ ಕರೆದೊಯ್ಯಿರಿ.

ಸೊಲ್ಲಾಪುರದ ಸೊಸೆ

ಗೋಬಿ ಮಂಚೂರಿ ಹೋಲಿಕೆ ಒಪ್ಪಲ್ಲ ಸಾರ್. ಸೊಲ್ಲಾಪುರದ ಶೇಂಗಾ ಚಟ್ನಿ ಕನ್ನಡದ್ದೋ ಮರಾಠಿಯದ್ದೋ ಹೇಳಿ ನೋಡೋಣ? ನಮ್ಮ ಅತ್ತೆ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಎರಡೂ ಇರುತ್ತದೆ, ಯಾರೂ ಗೆರೆ ಎಳೆಯುವುದಿಲ್ಲ.

ಟೆಕ್ಸಸ್ಸಿನಲ್ಲೂ ಅದೇ. 1836ರವರೆಗೆ ಇದು ಮೆಕ್ಸಿಕೋದ ಭಾಗವೇ. ಆಮೇಲೆ ಸ್ವಲ್ಪ ಕಾಲ ಸ್ವತಂತ್ರ ದೇಶ, 1845ರಲ್ಲಿ ಅಮೆರಿಕಕ್ಕೆ ಸೇರಿತು. ಇಲ್ಲಿದ್ದ ಜನ ಎಲ್ಲಿಗೂ ಹೋಗಲಿಲ್ಲ, ಗಡಿಯೇ ಅವರ ತಲೆ ಮೇಲಿಂದ ದಾಟಿಹೋಯಿತು. ಅವರು ತೇಹಾನೋಗಳು. ಅವರ ಮನೆ ಅಡುಗೆ ಕಾಲಕಾಲಕ್ಕೆ ಬದಲಾಗಿದ್ದೇ ಟೆಕ್ಸ್-ಮೆಕ್ಸ್. ಸುತ್ತ ದನ ಸಾಕುವವರು ಇದ್ದರು, ದನದ ಮಾಂಸ ಬಂತು. ಅಂಗಡಿಯಲ್ಲಿ ಹಳದಿ ಚೀಸ್ ಅಗ್ಗಕ್ಕೆ ಸಿಕ್ಕಿತು, ಅದೂ ಬಂತು. ಮೈದಾ ರೊಟ್ಟಿ ನಕಲು ಅಂತೀರಾ? ಅದು ಗೋಧಿ ಬೆಳೆಯುವ ಉತ್ತರ ಮೆಕ್ಸಿಕೋದ್ದು, ಸೊನೋರಾ ಕಡೆ ಹೋಗಿ ನೋಡಿ. ಮೆಕ್ಸಿಕೋ ಸಿಟಿಯ ಊಟವೇ ಇಡೀ ಮೆಕ್ಸಿಕೋ ಅನ್ನುವುದು ಬೆಂಗಳೂರಿನ ದರ್ಶಿನಿಯೇ ಇಡೀ ಕರ್ನಾಟಕ ಅಂದ ಹಾಗೆ.

ಅಲಾಮೋ ಅಕ್ಕ

ಸೊಸೆ ಹೇಳಿದ್ದು ಸರಿ. ಜೀರಿಗೆ ವಿಷಯ ಕೂಡ ಮಜಾ ಇದೆ. 1731ರಲ್ಲಿ ಸ್ಪೇನಿನ ಕನೇರಿ ದ್ವೀಪಗಳಿಂದ ಕೆಲವು ಕುಟುಂಬಗಳು ನಮ್ಮೂರಿಗೆ ಬಂದು ನೆಲೆಸಿದವು. ಜೀರಿಗೆಯ ಚಟ ಅವರಿಂದಲೇ ಹತ್ತಿತು ಅನ್ನುವವರಿದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಲ್ಲಿಯ ಚೌಕಗಳಲ್ಲಿ ಹೆಂಗಸರು ಸಂಜೆ ಹೊತ್ತು ಮೇಜು, ಲಾಂದ್ರ ಇಟ್ಟುಕೊಂಡು ಚಿಲಿ ಅನ್ನುವ ಖಾರದ ಮಾಂಸದ ಸಾರು ಮಾರುತ್ತಿದ್ದರು. ಚಿಲಿ ಕ್ವೀನ್ಸ್ ಅಂತ ಊರೆಲ್ಲ ಹೆಸರಾಗಿದ್ದರು. 1893ರ ಶಿಕಾಗೋ ಮೇಳದಲ್ಲೂ ಸ್ಯಾನ್ ಆಂಟೋನಿಯೋ ಚಿಲಿ ಅಂಗಡಿ ಇತ್ತು. ಆಮೇಲೆ ಸ್ವಚ್ಛತೆಯ ಕಾಯ್ದೆ ಅಂತ 1930ರ ದಶಕದ ಕೊನೆಯ ಹೊತ್ತಿಗೆ ಅವರನ್ನು ಎಬ್ಬಿಸಿ ಕಳಿಸಿದರು. ಬೀದಿ ಬದಿ ಮಾರುವವರ ಗತಿ ಯಾವ ದೇಶದಲ್ಲೂ ಒಂದೇ ನೋಡಿ. ಅಂಗಡಿಯಲ್ಲಿ ಸಿಗುವ ಚಿಲಿ ಪೌಡರ್ ಇದೆಯಲ್ಲ, ಅದನ್ನು 1890ರ ದಶಕದಲ್ಲಿ ಮಾರಾಟಕ್ಕೆ ತಂದು ಹೆಸರು ಮಾಡಿದವರು ನ್ಯೂ ಬ್ರೌನ್‌ಫೆಲ್ಸ್‌ನಲ್ಲಿದ್ದ ಜರ್ಮನ್ ಮೂಲದ ವಿಲಿಯಂ ಗೆಬ್‌ಹಾರ್ಟ್. ಅದು ಬರೀ ಮೆಣಸಿನ ಪುಡಿ ಅಲ್ಲ, ಜೀರಿಗೆ, ಬೆಳ್ಳುಳ್ಳಿ, ಓರೆಗಾನೋ ಸೇರಿದ ಪುಡಿ. ನಮ್ಮ ಅಚ್ಚ ಖಾರದ ಪುಡಿ ಅಂದುಕೊಂಡು ಹಾಕಿ ಸಾರು ಕೆಡಿಸಿಕೊಂಡವರು ಇಲ್ಲಿ ಎಷ್ಟು ಜನ? ಕೈ ಎತ್ತಿ.

ಡಲ್ಲಾಸ್ ಗುರು

ಕೈ ಎತ್ತಿದೆ. ಬಿಸಿಬೇಳೆಬಾತ್‌ಗೆ ಹಾಕಿದ್ದೆ.

ಅಂದ ಹಾಗೆ ನಮ್ಮೂರಿನ ಕೊಡುಗೆಯನ್ನೂ ಬರೆದುಕೊಳ್ಳಿ. ಐಸ್ ಮಾರ್ಗರಿಟಾ (ಮದ್ಯ ಬೆರೆಸಿದ ಪಾನೀಯ) ಮಾಡುವ ಯಂತ್ರ ಹುಟ್ಟಿದ್ದು ಡಲ್ಲಾಸಿನಲ್ಲಿ, 1971ರಲ್ಲಿ. ಮಾರಿಯಾನೋ ಮಾರ್ಟಿನೆಸ್ ಅನ್ನುವ ಹೋಟೆಲಿನವರು ಐಸ್‌ಕ್ರೀಮ್ ಯಂತ್ರವನ್ನೇ ತಿದ್ದಿ ಮಾಡಿದರು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಕಾಡು ಕಾಫಿ

ಸರಿ, ಗಡಿಯ ಮಾತು ಒಪ್ಪಿದೆ. ಗೋಬಿ ಮಂಚೂರಿ ವಾಪಸ್ ತೆಗೆದುಕೊಂಡೆ. ಆದರೂ ಆ ಹಳದಿ ಚೀಸ್ ಮಾತ್ರ ಕ್ಷಮಿಸಲಾರೆ. ಕ್ರೀಡಾಂಗಣದಲ್ಲಿ ಪಂಪ್ ಒತ್ತಿ ಸುರಿಯುವುದಿದೆಯಲ್ಲ, ಅದನ್ನು ನಾಚೋ ಅಂತ ಕರೆಯುವುದು ಅನ್ಯಾಯ. ಗಡಿಯಾಚೆಗಿನ ಪಿಯೆದ್ರಾಸ್ ನೇಗ್ರಾಸ್‌ನಲ್ಲಿ ಇಗ್ನಾಸಿಯೋ ಅನಾಯಾ ಅಂತ ಒಬ್ಬರಿದ್ದರು. ಇಗ್ನಾಸಿಯೋವನ್ನು ಪ್ರೀತಿಯಿಂದ ನಾಚೋ ಅಂತ ಕರೆಯುವುದು ಅಲ್ಲಿಯ ರೂಢಿ. 1940ರ ದಶಕದಲ್ಲಿ ಅಮೆರಿಕದ ಕೆಲವು ಹೆಂಗಸರು ಹೊತ್ತಲ್ಲದ ಹೊತ್ತಲ್ಲಿ ಬಂದಾಗ, ಇದ್ದ ರೊಟ್ಟಿ ತುಂಡು, ಚೀಸ್, ಹಲಪೇನ್ಯೋ ಮೆಣಸಿನಕಾಯಿ ಸೇರಿಸಿ ಬಿಸಿ ಮಾಡಿ ಕೊಟ್ಟರು. ಪ್ರತಿ ತುಂಡಿಗೂ ಅದರದೇ ಚೀಸ್, ಅದರದೇ ಮೆಣಸಿನಕಾಯಿ. ನಾಚೋ ಅಂದರೆ ಹಾಗಿರಬೇಕು.

ವಿಜಾಪುರ ರೊಟ್ಟಿ

ಅಲಾಮೋ ಅಕ್ಕಾವ್ರೇ, ಜೋಳದ ರೊಟ್ಟಿಗೆ ಸುಣ್ಣ ಅಂದ್ರಲ್ಲ, ಅದು ಎಲೆಗೆ ಹಚ್ಚೋ ಸುಣ್ಣಾನೇ ಏನು?

ಅಲಾಮೋ ಅಕ್ಕ

ಅದೇ ಜಾತಿಯದು, ತಿನ್ನುವ ಸುಣ್ಣ. ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ಕುದಿಸಿ ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಿಗ್ಗೆ ತೊಳೆದರೆ ಸಿಪ್ಪೆ ಕೈಗೆ ಬರುತ್ತದೆ. ಆಮೇಲೆ ಹಸಿಯಾಗಿಯೇ ರುಬ್ಬಿದರೆ ಮಾಸಾ ಅನ್ನುವ ಹಿಟ್ಟು. ನಿಮ್ಮ ಕಡೆ ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಜಿಗುಟು ತರಿಸುತ್ತೀರಲ್ಲ, ಇಲ್ಲಿ ಆ ಕೆಲಸ ಸುಣ್ಣ ಮಾಡುತ್ತದೆ. ಸಾದಾ ಮೆಕ್ಕೆಜೋಳದ ಹಿಟ್ಟು ತಂದು ಟೋರ್ಟಿಯಾ (ಈ ರೊಟ್ಟಿ) ತಟ್ಟಲು ಹೋದರೆ ಬಿರಿದು ಪುಡಿಪುಡಿ.

ಇನ್ನೂ ಒಂದು ಗುಣ ಇದೆ. ಜೋಳದೊಳಗಿನ ನಯಾಸಿನ್ ಅನ್ನುವ ವಿಟಮಿನ್ ಸುಣ್ಣದಲ್ಲಿ ಬೆಂದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಯೂರೋಪಿನವರು ಜೋಳ ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಬರೀ ಜೋಳ ತಿಂದ ಬಡವರಿಗೆ ಪೆಲಾಗ್ರಾ ಅನ್ನುವ ಚರ್ಮ ರೋಗ, ಹುಚ್ಚು ಎಲ್ಲ ಹತ್ತಿಕೊಂಡಿತು. ಮೆಕ್ಸಿಕೋದ ಅಜ್ಜಿಯರಿಗೆ ವಿಟಮಿನ್ ಹೆಸರು ಗೊತ್ತಿರಲಿಲ್ಲ, ಜೋಳ ಬೇಯಿಸುವುದು ಗೊತ್ತಿತ್ತು.

ವಿಜಾಪುರ ರೊಟ್ಟಿ

ಭಾಳ ಛಲೋ ಆತ್ರಿ. ನಮ್ಮವ್ವಗ ಹೇಳಬೇಕು ಇದನ್ನ.

ವೇದಿಕೆ ಕಾವಲು

ಮಾತು ಚೆನ್ನಾಗಿದೆ, ಆದರೆ ತಿಪಟೂರಿನವರ ಅಪ್ಪ ಇನ್ನೂ ಹೋಟೆಲ್ ಬಾಗಿಲಲ್ಲೇ ನಿಂತಿದ್ದಾರೆ. ಏನು ತಿನ್ನಬಹುದು ಅಂತಲೂ ಯಾರಾದರೂ ಹೇಳಿ.

ಬ್ಯಾಡಗಿ ಖಾರ

ನಾನು ಹೇಳುತ್ತೇನೆ. ನನ್ನ ಗಂಡನ ಮನೆಯವರು ಅಚ್ಚ ಸಸ್ಯಾಹಾರಿಗಳು, ಇಲ್ಲಿಗೆ ಬಂದಾಗೆಲ್ಲ ಇದೇ ನನ್ನ ದಾರಿ.

ನೋಪಾಲ್ ಕೇಳಿ ನೋಡಿ. ಅದು ಏನು ಗೊತ್ತಾ? ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿ! ಮುಳ್ಳು ಕೆರೆದು, ಹೆಚ್ಚಿ, ಈರುಳ್ಳಿ ಜೊತೆ ಕಾವಲಿ ಮೇಲೆ ಬಾಡಿಸಿ ಟಾಕೋಗೆ (ಮಡಚಿದ ರೊಟ್ಟಿಗೆ) ಹಾಕುತ್ತಾರೆ. ಸ್ವಲ್ಪ ಲೋಳೆ, ಸ್ವಲ್ಪ ಹುಳಿ, ಬೆಂಡೆಕಾಯಿ ಪಲ್ಯದ ಹತ್ತಿರ ಹತ್ತಿರ. ನಮ್ಮ ಮಾವ ಮೊದಲು "ಬೇಲಿ ತಿನ್ನಿಸ್ತೀಯೇನಮ್ಮ" ಅಂದರು. ಮೂರು ತಿಂದರು. ಎಲ್ಲ ಟೆಕ್ಸ್-ಮೆಕ್ಸ್ ಹೋಟೆಲಿನಲ್ಲಿ ಇರುವುದಿಲ್ಲ, ಇದ್ದರೆ ಬಿಡಬೇಡಿ.

ತರಕಾರಿ ಫಹೀತಾ ಇರುತ್ತದೆ: ದೊಣ್ಣೆ ಮೆಣಸಿನಕಾಯಿ, ಈರುಳ್ಳಿ, ಅಣಬೆ. ಕಾದ ಕಬ್ಬಿಣದ ತಟ್ಟೆಯಲ್ಲಿ ಚುಂಯ್ ಅನ್ನುತ್ತಾ ಬರುತ್ತದೆ, ಪಕ್ಕದ ಮೇಜಿನವರೆಲ್ಲ ತಿರುಗಿ ನೋಡುತ್ತಾರೆ. ಅಸಲಿಗೆ ಫಹೀತಾ ಅಂದರೆ ಸಣ್ಣ ಪಟ್ಟಿ, ದನದ ಹೊಟ್ಟೆ ಭಾಗದ ಮಾಂಸದ ಪಟ್ಟಿ. ಹಾಗಾಗಿ ತರಕಾರಿ ಫಹೀತಾ ಅನ್ನುವುದು ಕೋಳಿ ಇಲ್ಲದ ಕೋಳಿ ಸಾರು ಅಂದ ಹಾಗೆ. ಇರಲಿ, ರುಚಿ ಇದೆ. ಮಾಂಸ ಬೇಯಿಸುವ ಹಂಚಿನ ಮೇಲೆ ಬೇಡ, ಬೇರೆ ಬಾಣಲೆಯಲ್ಲಿ ಮಾಡಿ ಅಂತ ಹೇಳಬೇಕು. ಚಿಪ್ಸ್ ಕರಿಯುವ ಎಣ್ಣೆಯಲ್ಲಿ ಬೇರೆ ಏನಾದರೂ ಬೀಳುತ್ತದಾ, ಅದನ್ನೂ ಕೇಳಿ.

ಕುಡಿಯಲು ತಮರಿಂದೋ ಕೊಡಿಸಿ. ಹುಣಸೆಹಣ್ಣಿನ ಪಾನಕವೇ. ಹಮೈಕಾ ಅಂತ ಕೆಂಪಗೆ ಇನ್ನೊಂದಿದೆ, ಅದು ಉತ್ತರ ಕರ್ನಾಟಕದ ಪುಂಡಿ ಗಿಡದ ಹೂವಿನ ಕೆಂಪು ತೊಟ್ಟೆಲೆಯಿಂದ ಮಾಡಿದ್ದು. ನಾವು ಸೊಪ್ಪು ತಿಂದು ಹೂ ಬಿಟ್ಟೆವು, ಅವರು ಹೂ ಕುದಿಸಿದರು.

ವಿಜಾಪುರ ರೊಟ್ಟಿ

ಪುಂಡಿ ಅಂದ್ರಾ? ನಾ ಈ ಶನಿವಾರಾನೇ ಹೊಂಟೆ.

ಸೊಲ್ಲಾಪುರದ ಸೊಸೆ

ಬ್ಯಾಡಗಿಯವರೇ, ನಿಮ್ಮ ಹೆಸರು ನೋಡಿ ಕೇಳುತ್ತಿದ್ದೇನೆ. ಮನೆಯಲ್ಲಿ ಎಂಚಿಲಾಡ ಸಾಸ್‌ಗೆ ಊರಿನ ಮೆಣಸಿನಕಾಯಿ ನಡೆಯುತ್ತದಾ?

ಬ್ಯಾಡಗಿ ಖಾರ

ನಡೆಯುತ್ತದೆ ರೀ. ಗ್ವಾಹೀಯೋ ಅಂತ ಇಲ್ಲಿಯ ಒಣಮೆಣಸಿನಕಾಯಿ ಇದೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಜಾಗಕ್ಕೆ ಬ್ಯಾಡಗಿ ಹಾಕುತ್ತೇನೆ. ಬೀಜ ಉದುರಿಸಿ, ಹೆಂಚಿನ ಮೇಲೆ ಒಂದು ಕ್ಷಣ ಬಿಸಿ ಮಾಡಿ, ಬಿಸಿ ನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಜೀರಿಗೆ ಜೊತೆ ರುಬ್ಬಿ. ಗುಂಟೂರು ಮಾತ್ರ ಹಾಕಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಮೆಣಸಿನಕಾಯಿ ಮೊದಲು ಬಂದದ್ದೇ ಆ ಕಡೆಯಿಂದ ತಾನೇ, ಪೋರ್ಚುಗೀಸರ ಹಡಗಿನಲ್ಲಿ. ನಾವು ಸೂಟ್‌ಕೇಸಿನಲ್ಲಿ ತುಂಬಿಕೊಂಡು ವಾಪಸ್ ತರುತ್ತಿದ್ದೇವೆ.

ತಿಪಟೂರು ತೆಂಗು

ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ.

ಅಕ್ಕ ಹೇಳಿದ ಹಾಗೆ ಗುರುವಾರ ಮೂರೂವರೆಗೆ ಒಬ್ಬನೇ ಹೋಗಿ ಚೀಟಿ ಓದಿದೆ. ಗಲ್ಲಾದ ಅಜ್ಜಿ ನಗುತ್ತಾ ಪೂರ್ತಿ ಕೇಳಿಸಿಕೊಂಡು, ಒಳಗೆ ಕರೆದು ಪಾತ್ರೆಗಳನ್ನೇ ತೋರಿಸಿದರು. ಬೀನ್ಸ್‌ಗೆ ಕೊಬ್ಬು ಹಾಕುತ್ತಾರೆ, ಆದರೆ ಹುರಿಯುವ ಮುಂಚೆ ಬರೀ ಉಪ್ಪು ಈರುಳ್ಳಿ ಹಾಕಿ ಬೇಯಿಸಿದ್ದು ಬೇರೆ ಕೊಳಗದಲ್ಲಿ ಇರುತ್ತದೆ. ಅದನ್ನು ತೆಗೆದಿಡುತ್ತೇನೆ ಅಂದರು. ಅನ್ನ ಆಗಲ್ಲ ಅಂತ ಅವರೇ ಹೇಳಿಬಿಟ್ಟರು, ಕೋಳಿ ಪುಡಿ ಇದೆ. ಚಿಪ್ಸ್‌ನ ಎಣ್ಣೆಯಲ್ಲಿ ಚಿಪ್ಸ್ ಮಾತ್ರವಂತೆ. ಡಲ್ಲಾಸ್ ಗುರುಗಳೇ, ನಿಮ್ಮ ಅತ್ತೆ ಮಾವನ ವಿಷಯ ನಾನು ಯಾರಿಗೂ ಹೇಳಲ್ಲ.

ಶನಿವಾರ ಎಲ್ಲರೂ ಹೋದೆವು. ಕೂತ ತಕ್ಷಣ ಚಿಪ್ಸ್, ಸಾಲ್ಸಾ ಬಂತು. ಅಪ್ಪ ಮುಟ್ಟಲಿಲ್ಲ, "ನಾವು ಹೇಳಿಲ್ಲವಲ್ಲ, ಬಿಲ್ಲಿಗೆ ಸೇರಿಸ್ತಾರೆ" ಅಂದರು. ಬಿಟ್ಟಿ ಅಂತ ಗೊತ್ತಾದ ಮೇಲೆ ಮೂರು ಬುಟ್ಟಿ ಖಾಲಿ. ಸಾಲ್ಸಾವನ್ನು "ಸಾಂಬಾರ್ ಇನ್ನೊಂಚೂರು" ಅನ್ನುವ ಹಾಗೆ ಕೈ ಎತ್ತಿ ಕೇಳಿದರು, ಹುಡುಗನಿಗೆ ಭಾಷೆ ಬರದಿದ್ದರೂ ಅರ್ಥ ಆಯಿತು.

ನೋಪಾಲ್ ಇರಲಿಲ್ಲ. ತರಕಾರಿ ಫಹೀತಾ ಬೇರೆ ಬಾಣಲೆಯಲ್ಲಿ ಮಾಡಿಸಿ, ಜೋಳದ ರೊಟ್ಟಿ, ಆ ಬೀನ್ಸ್, ಎಲ್ಲ ಆಯಿತು. ಅಮ್ಮ ರೊಟ್ಟಿ ಮೂಸಿ ನೋಡಿ "ಸುಣ್ಣದ ವಾಸನೆ" ಅಂದರು. ನಾನು ಏನೂ ಹೇಳಿರಲಿಲ್ಲ, ಆಣೆ. ಗ್ವಾಕಮೋಲೆ ಮಾತ್ರ ಅಪ್ಪನಿಗೆ ಸೇರಲಿಲ್ಲ. ಬೆಣ್ಣೆ ಹಣ್ಣಿಗೆ ಸಕ್ಕರೆ ಹಾಲು ಹಾಕಿ ಕುಡಿಯಬೇಕು, ಉಪ್ಪು ಈರುಳ್ಳಿ ಹಾಕುವುದು ಯಾವ ನ್ಯಾಯ ಅಂತ ಮನೆ ತಲುಪುವ ತನಕ ವಾದ.

ಹೊರಡುವಾಗ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟರು. ಒಳಗೆ ಮೂರು ಕಾಲಿನ ಕಪ್ಪು ಕಲ್ಲಿನ ಒರಳು ಇತ್ತು. ಅಜ್ಜಿ ಕರೆದು ಗುಂಡುಕಲ್ಲು ಕೈಗೆ ಕೊಟ್ಟರು. ಅಮ್ಮ ಎರಡು ಸುತ್ತು ತಿರುಗಿಸಿ, ಕಲ್ಲಿನ ಮೇಲೆ ಬೆರಳಾಡಿಸಿ, "ಇದಕ್ಕೆ ಮುಳ್ಳು ಹಾಕಿಸಿ ತುಂಬಾ ದಿನ ಆಗಿದೆ, ಹೇಳು ಅವರಿಗೆ" ಅಂದರು. ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳುವುದು ಅಕ್ಕಾ?

ಅಲಾಮೋ ಅಕ್ಕ

ಅದು ನನಗೂ ಬರಲ್ಲ ತಮ್ಮಾ. ಅಮ್ಮನನ್ನೇ ಇನ್ನೊಂದು ಸಲ ಕರೆದುಕೊಂಡು ಹೋಗಿ, ಕೈಯಲ್ಲೇ ಹೇಳುತ್ತಾರೆ.

ಕುಂದಾಪ್ರ ಕಾಯಿ

ಆ ಕೊಬ್ಬಿಲ್ಲದ ಬೀನ್ಸ್ ರುಚಿ ಹೇಗಿತ್ತು? ನಿಜ ಹೇಳಿ.

ತಿಪಟೂರು ತೆಂಗು

ನಿಜ ಹೇಳಲಾ? ಸ್ವಲ್ಪ ಸಪ್ಪೆ. ಅಮ್ಮ ಮನೆಗೆ ಕಟ್ಟಿಸಿಕೊಂಡು ಬಂದು ಇಂಗಿನ ಒಗ್ಗರಣೆ ಹಾಕಿದರು.